ವರದಿ ನಾರ್ಮಲ್, ತಲೆ ಮಂಕು

ಗಾಂಧಿನಗರದ ಸಗಟು ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ನನ್ನ ತಂಗಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯುತ್ತಿದ್ದಾಳೆ. ಅಲ್ಲಿ ಲೆಕ್ಕ ಬರೆಯುವುದು ಎಂದರೆ ಒಂದೆಡೆ ಕೂತು ಬರೆಯುವ ಕೆಲಸವಲ್ಲ. ಕಿವಿಗೊತ್ತಿದ ಫೋನಿನಲ್ಲಿ ತುಮಕೂರಿನ ಅಂಗಡಿಯವರ ಆರ್ಡರ್, ಎದುರಿಗೆ ಹೊಸಕೋಟೆಯಿಂದ ಬಂದ ಗಿರಾಕಿ, ಹಿಂದಿನಿಂದ ಗೋಡೌನ್ ಹುಡುಗ 'ವೈರ್ ಎಷ್ಟು ಕಾಯಿಲ್ ಮೇಡಂ' ಎಂದು ಕೂಗುವುದು, ರಸ್ತೆಗೆ ಅಡ್ಡ ನಿಂತ ಟೆಂಪೋದ ಹಾರ್ನು, ಇವೆಲ್ಲದರ ನಡುವೆ ಟ್ಯಾಲಿಯಲ್ಲಿ ಬಿಲ್ಲು ಹೊಡೆಯಬೇಕು. ಯಾರ ಬಾಕಿ ಎಷ್ಟು ಎಂದು ಕೇಳಿದರೆ ಕಂಪ್ಯೂಟರ್ ನೋಡದೆ ಹೇಳುತ್ತಿದ್ದವಳು ಅವಳು.

ಲೂಪಸ್ ಇದೆ ಎಂದು ಗೊತ್ತಾದ ಮರುವರ್ಷ ಒಂದು ಸಂಜೆ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಅವಳು ನಿಂತುಬಿಟ್ಟಳು. ದಿನಾ ಹತ್ತುವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂಬುದು ತಲೆಗೆ ಹೊಳೆಯಲಿಲ್ಲ. ಎರಡು ಮೂರು ನಿಮಿಷ ಅಷ್ಟೇ. ಆಮೇಲೆ ನೆನಪಾಯಿತು, ಚಾಮರಾಜಪೇಟೆಯ ಮನೆಗೆ ಬಂದಳು, ಕೈಕಾಲು ತೊಳೆದು ಅಡುಗೆಗೂ ನಿಂತಳು. ರಾತ್ರಿ ಊಟವಾದ ಮೇಲೆ ಹೇಳಿದಳು: 'ಅಕ್ಕಾ, ತಲೆ ಮಂಕಾಗಿಬಿಟ್ಟಿದೆ. ಒಂದೇ ಬಿಲ್ಲನ್ನು ಎರಡು ಸಲ ಹೊಡೀತೀನಿ. ಮಾತಾಡ್ತಾ ಇರೋವಾಗ ಪದ ಸಿಗಲ್ಲ. ಯಾರಿಗೂ ಹೇಳಬೇಡ.'

ಪರೀಕ್ಷೆ ಮಾಡಿಸಿದೆವು. ನೆನಪು, ಗಮನ, ವೇಗ ಎಲ್ಲದರ ಅಂಕವೂ ಅವಳ ವಯಸ್ಸಿಗೆ ತಕ್ಕಂತಿದೆ ಎಂದು ವರದಿ ಬಂತು. ವರದಿ ನೋಡಿದ ವೈದ್ಯರು ನಕ್ಕು, 'ಏನೂ ಇಲ್ಲಮ್ಮ, ಸುಮ್ಮನೆ ಟೆನ್ಷನ್ ಮಾಡ್ಕೊಂಡಿದ್ದೀರ' ಎಂದರು. ಸಮಾಧಾನ ಆಗಬೇಕಿತ್ತು. ಆಟೋದಲ್ಲಿ ಮನೆಗೆ ಬರುವಾಗ ಅವಳು ಅತ್ತಳು. ಕಾಯಿಲೆ ಇಲ್ಲ ಎಂದದ್ದಕ್ಕಲ್ಲ. ತಾನು ಸುಳ್ಳು ಹೇಳಿದ ಹಾಗಾಯಿತಲ್ಲ ಎಂದು.

ಆ ಅಳುವಿಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ರೋಗಿ ಹೇಳಿಕೊಳ್ಳುವ ಮಂಕಿಗೂ ಪರೀಕ್ಷೆಯಲ್ಲಿ ಕಾಣುವ ಕೊರತೆಗೂ ತಾಳೆಯಾಗದಿರುವುದು ಲೂಪಸ್‌ನಲ್ಲಿ ಅಪರೂಪವೇನಲ್ಲ. ದೇಶದೇಶಗಳ ಲೂಪಸ್ ಕ್ಲಿನಿಕ್‌ಗಳಲ್ಲಿ ಮತ್ತೆ ಮತ್ತೆ ಕಂಡಿರುವ ಸಂಗತಿ ಇದು. ತಾಳೆಯಾಗದಿದ್ದರೆ ಎರಡರಲ್ಲೊಂದು ಸುಳ್ಳು ಎಂದು ತೀರ್ಮಾನಿಸುವುದೇ ತಪ್ಪು.

ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ಚರ್ಮದ ಮೇಲಿನ ಗಾಯ ತೋಳ ಕಚ್ಚಿದಂತಿದೆ ಎಂದು ಹಿಂದಿನವರು ಇಟ್ಟ ಹೆಸರು. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ದೇಹದ ಮೇಲೆಯೇ ತಿರುಗಿ ಬೀಳುವ ಕಾಯಿಲೆ ಇದು. ಕೀಲು, ಚರ್ಮ, ಮೂತ್ರಪಿಂಡ, ರಕ್ತ, ಮಿದುಳು, ಯಾವುದನ್ನೂ ಬಿಡದು. ಕೆನ್ನೆಗಳ ಮೇಲೆ ಮೂಗಿನ ಸೇತುವೆ ದಾಟಿ ಹರಡುವ ಚಿಟ್ಟೆಯಾಕಾರದ ಕೆಂಪು ಇದರ ಗುರುತು, ಎಲ್ಲರಲ್ಲೂ ಕಾಣದಿದ್ದರೂ. ರೋಗಿಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು, ಅದೂ ಬಹುಪಾಲು ದುಡಿಯುವ, ಹೆರುವ, ಮನೆ ನಡೆಸುವ ವಯಸ್ಸಿನವರು. ದೆಹಲಿಯ ಸಮೀಪ ನಡೆಸಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು ಲಕ್ಷಕ್ಕೆ ಸುಮಾರು ಮೂವರಲ್ಲಿ ಈ ರೋಗ ಇದೆ ಎಂದಿತ್ತು.

ಮಿದುಳಿನ ತೊಂದರೆ ಲೂಪಸ್‌ಗೆ ಹೊಸದಲ್ಲ. ವಿಯೆನ್ನಾದ ಮೊರಿಟ್ಜ್ ಕಪೋಸಿ 1872ರಷ್ಟು ಹಿಂದೆಯೇ, ಚರ್ಮದ ಕಾಯಿಲೆ ಎಂದುಕೊಂಡಿದ್ದ ಇದರಲ್ಲಿ ರೋಗಿಗಳ ಪ್ರಜ್ಞೆ ಮಸುಕಾಗುವುದನ್ನು ಗುರುತಿಸಿದ್ದ. 1999ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಘ ಲೂಪಸ್‌ನಿಂದ ನರ ಮತ್ತು ಮನಸ್ಸಿಗೆ ಬರುವ 19 ತೊಂದರೆಗಳ ಪಟ್ಟಿ ಮಾಡಿತು. ಫಿಟ್ಸ್, ಪಾರ್ಶ್ವವಾಯು, ಸೈಕೋಸಿಸ್‌ಗಳ ಜೊತೆಗೆ ಗ್ರಹಣಶಕ್ತಿಯ ಕುಂದಿಗೂ ಅಲ್ಲಿ ಜಾಗ ಸಿಕ್ಕಿತು. ಅದನ್ನು ಅಳೆಯಲು ಸುಮಾರು ಒಂದು ಗಂಟೆ ಹಿಡಿಯುವ ಪರೀಕ್ಷೆಗಳ ಗುಚ್ಛವನ್ನೂ ಸೂಚಿಸಿದರು. ಆದರೆ 2019ರಲ್ಲಿ ಯುರೋಪ್ ಮತ್ತು ಅಮೆರಿಕದ ತಜ್ಞರು ಒಟ್ಟಾಗಿ ರೂಪಿಸಿದ ಲೂಪಸ್ ವರ್ಗೀಕರಣದ ಅಂಕಪಟ್ಟಿಯಲ್ಲಿ ಸನ್ನಿ, ಸೈಕೋಸಿಸ್, ಫಿಟ್ಸ್ ಈ ಮೂರಕ್ಕೆ ಅಂಕವಿದೆ, ಮಂಕಿಗೆ ಇಲ್ಲ. ಕಾರಣ ಅರ್ಥವಾಗುವಂಥದೇ. ಮರೆವು ನೂರು ಕಾರಣಕ್ಕೆ ಬರುತ್ತದೆ, ಅದನ್ನು ನೋಡಿ ಲೂಪಸ್ ಎನ್ನಲಾಗದು. ಪಟ್ಟಿಯಲ್ಲಿ ಅಂಕವಿಲ್ಲದ ನೋವಿಗೆ ವೈದ್ಯರ ಕೋಣೆಯಲ್ಲೂ ಸಮಯ ಸಿಗುವುದಿಲ್ಲ ಎಂಬುದು ಮಾತ್ರ ನಾನು ಕಣ್ಣಾರೆ ಕಂಡದ್ದು.

ಅಳೆಯುವುದು ಹೇಗೆ? ಈ ವಿಷಯದಲ್ಲಿ ಬೆಂಗಳೂರಿನವರು ಅದೃಷ್ಟವಂತರು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್, ಡಿ.ಕೆ. ಸುಬ್ಬಕೃಷ್ಣ, ಕೆ. ಗೋಪುಕುಮಾರ್ ಸೇರಿ 2004ರಲ್ಲಿ ಹೊರತಂದ ಪರೀಕ್ಷಾಗುಚ್ಛ ಇವತ್ತಿಗೂ ದೇಶದ ಮನಶ್ಶಾಸ್ತ್ರಜ್ಞರ ಕೈಪಿಡಿ. ಹದಿನೈದು ಪದಗಳ ಪಟ್ಟಿಯನ್ನು ಐದು ಸಲ ಓದಿ ಹೇಳುತ್ತಾರೆ, ಪ್ರತಿ ಸಲವೂ ನೆನಪಿದ್ದಷ್ಟನ್ನು ಒಪ್ಪಿಸಬೇಕು, ಆಮೇಲೆ ಬೇರೆ ಕೆಲಸ ಕೊಟ್ಟು ಸುಮಾರು ಇಪ್ಪತ್ತು ನಿಮಿಷ ಕಳೆದು ಮತ್ತೆ ಕೇಳುತ್ತಾರೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ? ಒಂದು ಅಕ್ಷರ ಕೊಟ್ಟರೆ ಅದರಿಂದ ಶುರುವಾಗುವ ಎಷ್ಟು ಪದ ಹುಟ್ಟಿಸುತ್ತೀರಿ? ಅಂಕಿಗೆ ಸರಿಯಾದ ಚಿಹ್ನೆಯನ್ನು ಎಷ್ಟು ಬೇಗ ಬರೆಯುತ್ತೀರಿ? ಇವೆಲ್ಲವನ್ನೂ ನಮ್ಮ ದೇಶದ ಆರೋಗ್ಯವಂತರ ಮೇಲೆ ಮೊದಲು ನಡೆಸಿ, ವಯಸ್ಸು, ಲಿಂಗ, ಓದಿನ ಪ್ರಕಾರ ಬೇರೆ ಬೇರೆ ಮಾನದಂಡ ಇಟ್ಟಿದ್ದಾರೆ. ಶಾಲೆಗೆ ಹೋಗದವರನ್ನು ಪದವೀಧರರ ಜೊತೆ ತೂಗುವುದಿಲ್ಲ. ಈಚೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮರೆವಿನ ಕಾಯಿಲೆಗಾಗಿ ಸಿದ್ಧಪಡಿಸಿದ ಪರೀಕ್ಷಾ ಪೆಟ್ಟಿಗೆಯ ಐದು ಭಾಷೆಗಳಲ್ಲಿ ಕನ್ನಡವೂ ಒಂದು. ಕನ್ನಡದಲ್ಲಿ ಯೋಚಿಸುವವರನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿದರೆ ಅಳತೆಯಾಗುವುದು ಇಂಗ್ಲಿಷೇ ಹೊರತು ನೆನಪಲ್ಲ. ಹಾಗಾಗಿ ಇದು ಸಣ್ಣ ಸಂಗತಿಯಲ್ಲ.

ನಿಮ್ಹಾನ್ಸ್ ಗುಚ್ಛದಲ್ಲಿ ಗೆರೆ ಎಳೆದಿರುವುದು 15ನೇ ಪರ್ಸೆಂಟೈಲ್‌ಗೆ. ನಿಮ್ಮ ವಯಸ್ಸಿನ, ನಿಮ್ಮಷ್ಟೇ ಓದಿದ ನೂರು ಆರೋಗ್ಯವಂತರನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಕೊನೆಯ ಹದಿನೈದರೊಳಗೆ ನೀವು ಬಂದಾಗ ಕೊರತೆ ಎನ್ನುತ್ತಾರೆ. ಗೆರೆ ಎಲ್ಲಿ ಎಳೆಯಬೇಕು, ಎಷ್ಟು ಪರೀಕ್ಷೆಗಳಲ್ಲಿ ಅದರ ಕೆಳಗೆ ಬಿದ್ದರೆ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಮನುಷ್ಯರ ತೀರ್ಮಾನ. ಲೂಪಸ್ ರೋಗಿಗಳಲ್ಲಿ ಎಷ್ಟು ಜನಕ್ಕೆ ಗ್ರಹಣಶಕ್ತಿಯ ಕುಂದಿದೆ ಎಂದು ಒಂದೊಂದು ಅಧ್ಯಯನ ಒಂದೊಂದು ಅಂಕಿ ಹೇಳುವುದು ಇದರಿಂದಲೂ ಹೌದು. 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ವಿಶ್ಲೇಷಣೆಯೊಂದು 38 ಪ್ರತಿಶತ ಎಂದಿತು. ಅಂದರೆ ಐವರಲ್ಲಿ ಸುಮಾರು ಇಬ್ಬರು.

ಇದು ಅಳತೆಯ ಕಡೆಯ ಕಥೆ. ಹೇಳಿಕೆಯ ಕಡೆಗೆ ಬೇರೆ ಸಾಧನಗಳಿವೆ, ಅವು ಪ್ರಶ್ನಾವಳಿಗಳು. ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ನರರೋಗದವರಿಗಾಗಿ ರೂಪಿಸಿದ 20 ಪ್ರಶ್ನೆಗಳದೊಂದು, ಸಂಧಿವಾತ ರೋಗಿಗಳಿಗಾಗಿ ಮಾಡಿದ 21 ಪ್ರಶ್ನೆಗಳದಿನ್ನೊಂದು. ಕೋಣೆಗೆ ಹೋಗಿ ಏಕೆ ಬಂದೆ ಎಂದು ಮರೆಯುತ್ತೀರಾ, ಮಾತಿನ ಎಳೆ ತಪ್ಪುತ್ತದೆಯೇ, ಎಷ್ಟು ಸಲ, ಹೀಗೆ. ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ ಜಾನ್ ಹ್ಯಾನ್ಲಿ, ಟೊರಾಂಟೊದಲ್ಲಿ ಜಾಹಿ ಟೂಮಾ ಅವರ ತಂಡಗಳು ವರ್ಷಗಟ್ಟಲೆ ಈ ಕೆಲಸದಲ್ಲಿ ತೊಡಗಿವೆ. ಒಬ್ಬರಿಗೇ ಪ್ರಶ್ನಾವಳಿಯನ್ನೂ ಪರೀಕ್ಷೆಯನ್ನೂ ಕೊಟ್ಟು ನೋಡಿದರೆ ಎರಡರ ನಡುವಿನ ನಂಟು ಬಹಳ ಸಡಿಲ. ರೋಗಿಯ ದೂರು ಹೆಚ್ಚಿದಷ್ಟೂ ಅಂಕ ಕುಸಿಯಬೇಕಿತ್ತು, ಹಾಗಾಗುವುದಿಲ್ಲ. ಅದರ ಬದಲು ದೂರಿನ ಜೊತೆ ಗಟ್ಟಿಯಾಗಿ ಹೆಣೆದುಕೊಂಡಿರುವುದು ಖಿನ್ನತೆ, ಆತಂಕ, ಸುಸ್ತು, ನೋವು.

ಇದನ್ನು ಓದಿದ ಕೂಡಲೇ 'ನೋಡಿ, ಎಲ್ಲಾ ಮನಸ್ಸಿನದು' ಎನ್ನುವವರಿದ್ದಾರೆ. ಅವಸರದ ಮಾತದು, ತಾಳೆ ತಪ್ಪಲು ಬೇರೆ ಕಾರಣಗಳಿವೆ. ಗಾಂಧಿ ಬಜಾರಿನಲ್ಲಿ ಹೂವು ಅಳೆಯುವುದನ್ನು ನೆನೆಸಿಕೊಳ್ಳಿ. ಹೂವಿನವರು ತಮ್ಮ ಕೈಯಿಂದ ಮೊಳ ಹಾಕುತ್ತಾರೆ, ಬಟ್ಟೆ ಅಂಗಡಿಯವರು ಮೀಟರ್ ಕೋಲಿನಿಂದ. ಎರಡೂ ಉದ್ದವನ್ನೇ ಅಳೆಯುತ್ತವೆ, ಆದರೆ ಮೊಳ ಆ ಕೈಯದೇ. ರೋಗಿ ತನ್ನನ್ನು ಅಳೆದುಕೊಳ್ಳುವುದು ತನ್ನದೇ ಮೊಳದಿಂದ: ಹೋದ ವರ್ಷದ ನಾನು, ಕಾಯಿಲೆಗೆ ಮುಂಚಿನ ನಾನು. ಪರೀಕ್ಷೆ ಅಳೆಯುವುದು ಊರಿನ ಮೀಟರಿನಿಂದ: ನಿನ್ನ ವಯಸ್ಸಿನ ನೂರು ಜನ. ತೊಂಬತ್ತನೆಯ ಪರ್ಸೆಂಟೈಲ್‌ನಲ್ಲಿದ್ದ ನನ್ನ ತಂಗಿ ನಲವತ್ತಕ್ಕೆ ಇಳಿದಿದ್ದರೂ ಪರೀಕ್ಷೆಯ ಕಣ್ಣಿಗೆ ನಾರ್ಮಲ್ಲೇ. ಅವಳು ಮೊದಲು ತೊಂಬತ್ತರಲ್ಲಿದ್ದಳು ಎಂಬುದಕ್ಕೆ ದಾಖಲೆ ಎಲ್ಲಿದೆ? ಹನ್ನೊಂದು ವರ್ಷದ ಲೆಡ್ಜರಿನಲ್ಲಿದೆ, ಬಾಕಿ ಕೇಳಿದ ಗಿರಾಕಿಗಳ ನೆನಪಿನಲ್ಲಿದೆ. ಆಸ್ಪತ್ರೆಯ ಫೈಲಿನಲ್ಲಿಲ್ಲ.

ಎರಡನೆಯ ಕಾರಣವನ್ನು ಅವಧಾನ ನೋಡಿದವರಿಗೆ ಸುಲಭವಾಗಿ ಹೇಳಬಹುದು. ಶತಾವಧಾನಿ ಆರ್. ಗಣೇಶ್ ಅವರ ಅಷ್ಟಾವಧಾನಗಳನ್ನು ಬಸವನಗುಡಿ, ಮಲ್ಲೇಶ್ವರದ ಸಭಿಕರು ದಶಕಗಳಿಂದ ನೋಡುತ್ತಾ ಬಂದಿದ್ದಾರೆ. ಸಮಸ್ಯೆಯ ಸಾಲಿಗೆ ಪದ್ಯ ಪೂರೈಸುವುದೂ ಅಲ್ಲಿ ಬರುವ ಉಳಿದ ಸವಾಲುಗಳೂ ಕಷ್ಟವೇ, ಆದರೆ ಒಂದೊಂದನ್ನೇ ಬಿಡಿಯಾಗಿ ಕೊಟ್ಟರೆ ಮಾಡುವ ಪಂಡಿತರು ಹಲವರಿದ್ದಾರು. ಅವಧಾನ ಅವಧಾನವಾಗುವುದು ಇವನ್ನೆಲ್ಲ ಅರ್ಧಂಬರ್ಧ ತಲೆಯಲ್ಲಿ ಹೊತ್ತು ಒಂದರಿಂದ ಒಂದಕ್ಕೆ ಹೋಗಿ ಬರಬೇಕಾದಾಗ, ಅದರ ನಡುವೆ ಅಪ್ರಸ್ತುತಪ್ರಸಂಗಿ ಬಾಯಿ ಹಾಕಿದಾಗ. ಪರೀಕ್ಷಾ ಕೋಣೆಯಲ್ಲಿ ಅಪ್ರಸ್ತುತಪ್ರಸಂಗಿ ಇರುವುದಿಲ್ಲ. ಬಾಗಿಲು ಮುಚ್ಚಿರುತ್ತದೆ, ಫ್ಯಾನು ತಿರುಗುತ್ತದೆ, ಎದುರಿಗೆ ತಾಳ್ಮೆಯ ಒಬ್ಬರು, ಕೈಯಲ್ಲಿ ಒಂದೇ ಕೆಲಸ. ಒಂದು ಗಂಟೆ ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಅವಳು ಚೆನ್ನಾಗಿಯೇ ಮಾಡಿದಳು, ಮನೆಗೆ ಬಂದು ಮಾರನೆಯ ಮಧ್ಯಾಹ್ನದವರೆಗೆ ಮಲಗಿದಳು. ಆ ಮಲಗಿದ್ದು ವರದಿಯಲ್ಲಿ ಬಂದಿಲ್ಲ. ಗಾಂಧಿನಗರದ ಕೌಂಟರಿನಲ್ಲಿ ದಿನಕ್ಕೆ ಒಂಬತ್ತು ಗಂಟೆ ಅವಳಿಗೆ ನಡೆಯುವುದು ಅವಧಾನ, ಅಲ್ಲಿ ಎಲ್ಲರೂ ಅಪ್ರಸ್ತುತಪ್ರಸಂಗಿಗಳೇ.

ಮಿದುಳಿನ ಚಿತ್ರ ತೆಗೆಯುವ ಕೆಲವು ಅಧ್ಯಯನಗಳೂ ಇತ್ತ ಬೆರಳು ತೋರಿಸುತ್ತವೆ. ಲೂಪಸ್ ಇರುವವರು ಒಂದು ಕೆಲಸದಲ್ಲಿ ಇತರರಷ್ಟೇ ಅಂಕ ಪಡೆಯುವಾಗಲೂ ಅವರ ಮಿದುಳಿನ ಹೆಚ್ಚು ಭಾಗಗಳು ದುಡಿಯುತ್ತಿರುವುದು ಕಂಡಿದೆ. ಅಂಕ ಒಂದೇ, ಅದಕ್ಕೆ ತೆತ್ತ ಬೆಲೆ ಬೇರೆ. ರೋಗಿ ಹೇಳುತ್ತಿರುವುದು ಬಹುಶಃ ಆ ಬೆಲೆಯನ್ನೇ.

ಇನ್ನು ಖಿನ್ನತೆಯ ಮಾತು. ದೂರು ಖಿನ್ನತೆಯ ಜೊತೆ ಹೆಣೆದುಕೊಂಡಿದೆ ಎಂದರೆ ದೂರು ಸುಳ್ಳು ಎಂದಲ್ಲ. ಖಿನ್ನತೆ ತಾನೇ ಗಮನವನ್ನು ಕುಗ್ಗಿಸುತ್ತದೆ, ಯೋಚನೆಯ ವೇಗ ಇಳಿಸುತ್ತದೆ. ನೋವಿನಿಂದ ರಾತ್ರಿ ನಾಲ್ಕು ಸಲ ಎಚ್ಚರವಾದವರಿಗೆ ಬೆಳಗ್ಗೆ ಲೆಕ್ಕ ತಪ್ಪುವುದು ಸಹಜ. ಲೂಪಸ್‌ಗೆ ಕೊಡುವ ಸ್ಟೀರಾಯ್ಡ್ ಮಾತ್ರೆ ನಿದ್ದೆಯನ್ನೂ ಮನಸ್ಥಿತಿಯನ್ನೂ ಕೆಡಿಸಬಹುದು. ರಕ್ತಹೀನತೆ, ಥೈರಾಯ್ಡ್ ಏರುಪೇರು ಲೂಪಸ್‌ನವರಲ್ಲಿ ಸಾಮಾನ್ಯ. ನಮ್ಮ ಹಳೇ ಬೆಂಗಳೂರಿನ ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆಯನ್ನು ಮರೆಯುವಂತೆಯೇ ಇಲ್ಲ. ಗಮನಿಸಿ, ಇವೆಲ್ಲ ಚಿಕಿತ್ಸೆ ಇರುವ ತೊಂದರೆಗಳು. 'ಟೆನ್ಷನ್ ಅಷ್ಟೇ' ಎಂದು ಕಳಿಸಿಬಿಟ್ಟರೆ, ಆ ದೂರನ್ನು ಹಿಡಿದು ಹೋಗಿದ್ದರೆ ಸಿಗಬಹುದಾಗಿದ್ದ ಕಾರಣವೂ ಅಲ್ಲೇ ಉಳಿಯುತ್ತದೆ. ನನ್ನ ತಂಗಿಯ ವಿಷಯದಲ್ಲಿ ಆದದ್ದು ಅದೇ. ಬೇರೆ ವೈದ್ಯರು ರಕ್ತ ಪರೀಕ್ಷೆ ಮಾಡಿಸಿದಾಗ ಬಿ12 ತೀರಾ ಕೆಳಗಿತ್ತು. ಚುಚ್ಚುಮದ್ದಿನ ನಂತರ ಮಂಕು ಪೂರ್ತಿ ಹೋಗಲಿಲ್ಲ, ಅರ್ಧ ಹೋಯಿತು.

ಉಳಿದರ್ಧ ಲೂಪಸ್‌ನದೇ ಇರಬಹುದು. ನ್ಯೂಯಾರ್ಕಿನ ಬೆಟ್ಟಿ ಡೈಮಂಡ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿಕೊಟ್ಟ ಪ್ರಕಾರ, ಲೂಪಸ್‌ನಲ್ಲಿ ಹುಟ್ಟುವ ಕೆಲವು ಪ್ರತಿಕಾಯಗಳು ಮಿದುಳಿನ ನರಕೋಶಗಳ ಮೇಲಿರುವ, ಕಲಿಕೆ ಮತ್ತು ನೆನಪಿಗೆ ಬೇಕಾದ ಗ್ರಾಹಕಗಳಿಗೂ ಅಂಟಿಕೊಳ್ಳುತ್ತವೆ. ರಕ್ತಕ್ಕೂ ಮಿದುಳಿಗೂ ನಡುವಿನ ತಡೆಗೋಡೆ ಗಟ್ಟಿಯಿದ್ದಷ್ಟು ದಿನ ಅವು ಏನೂ ಮಾಡಲಾರವು. ಇಲಿಗಳಲ್ಲಿ ಆ ಗೋಡೆ ಬಿರುಕು ಬಿಟ್ಟಾಗ ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್‌ನ ಕೋಶಗಳು ಸತ್ತದ್ದನ್ನು ಮುಂದೆ ಕಂಡರು. ರಕ್ತ ಹೆಪ್ಪುಗಟ್ಟಿಸುವ ಫಾಸ್ಫೊಲಿಪಿಡ್ ವಿರೋಧಿ ಪ್ರತಿಕಾಯಗಳಿಂದ ಸಣ್ಣ ರಕ್ತನಾಳಗಳಿಗೆ ಆಗುವ ಹಾನಿ ಇನ್ನೊಂದು ದಾರಿ. ಮೊದಲು ಹೇಳಿದ ನೆನಪಿನ ಗ್ರಾಹಕಗಳ ಮೇಲೆಯೇ ಕೆಲಸ ಮಾಡುವ, ಆಲ್ಜೈಮರ್ ರೋಗಿಗಳಿಗೆ ಕೊಡುವ ಮೆಮ್ಯಾಂಟಿನ್ ಔಷಧವನ್ನು ಬಾಲ್ಟಿಮೋರಿನಲ್ಲಿ ಮಿಷೆಲ್ ಪೆಟ್ರಿ ತಂಡ ಲೂಪಸ್ ರೋಗಿಗಳಲ್ಲಿ ಪ್ರಯೋಗಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿತು. ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. ಮಂಕಿಗೆಂದೇ ಒಂದು ಮಾತ್ರೆ ಈಗಲೂ ಇಲ್ಲ.

ಕಥೆಗೆ ಇನ್ನೊಂದು ಮುಖವಿದೆ, ಅದರ ಬಗ್ಗೆ ಮಾತು ಕಡಿಮೆ. ಪರೀಕ್ಷೆಯಲ್ಲಿ ಅಂಕ ಕೆಳಗಿದ್ದೂ 'ನನಗೇನೂ ಇಲ್ಲ' ಎನ್ನುವವರು. ಆಸ್ಪತ್ರೆಯ ಬೆಂಚಿನಲ್ಲಿ ಒಮ್ಮೆ ನಮ್ಮ ಪಕ್ಕ ಕೂತಿದ್ದ ಹೆಂಗಸೊಬ್ಬರು ತಮಗೆ ನೆನಪು ಚೆನ್ನಾಗಿದೆ ಎಂದರು. ಜೊತೆಗಿದ್ದ ಸೊಸೆ ಮೆಲ್ಲಗೆ, 'ಗ್ಯಾಸ್ ಆರಿಸೋದು, ಮಾತ್ರೆ ಕೊಡೋದು, ಹಾಲಿನ ಲೆಕ್ಕ, ಎಲ್ಲಾ ನಾನೇ ನೋಡ್ಕೋತೀನಿ' ಎಂದಳು. ಮನೆಯವರು ಒಂದೊಂದೇ ಹೊರೆ ಇಳಿಸಿಕೊಂಡಾಗ ಎಡವಲು ಕಲ್ಲೇ ಇರುವುದಿಲ್ಲ, ಎಡವಿದ್ದು ಗೊತ್ತಾಗುವುದೂ ಇಲ್ಲ. ಮರೆತದ್ದನ್ನು ನೆನಪಿಟ್ಟುಕೊಂಡು ಪ್ರಶ್ನಾವಳಿಯಲ್ಲಿ ಬರೆಯುವುದಕ್ಕೂ ನೆನಪೇ ಬೇಕಲ್ಲವೇ? ಇಂಥವರನ್ನು ಬರೀ ಕೇಳಿದರೆ ತಪ್ಪಿಸಿಕೊಳ್ಳುತ್ತಾರೆ, ಅಳೆಯಲೇಬೇಕು. ನನ್ನ ತಂಗಿಯಂಥವರನ್ನು ಬರೀ ಅಳೆದರೆ ತಪ್ಪಿಸಿಕೊಳ್ಳುತ್ತಾರೆ, ಕೇಳಲೇಬೇಕು. ಅಳೆಯಲು ಮೋಕಾ ಎಂಬ ಹತ್ತು ನಿಮಿಷದ ಪರೀಕ್ಷೆ ಕನ್ನಡದಲ್ಲೂ ಇದೆ, ಮೂವತ್ತಕ್ಕೆ ಇಪ್ಪತ್ತಾರು ಬಂದರೆ ಪಾಸು. ಆದರೆ ಅದು ವಯಸ್ಸಾದವರ ಮರೆವಿಗೆಂದು ಮಾಡಿದ್ದು. ಮೂವತ್ತೆರಡರ ಪದವೀಧರೆ ಅದರಲ್ಲಿ ಪೂರ್ತಿ ಅಂಕ ತೆಗೆದರೆ ಅದನ್ನೇ ಕೊನೆಯ ಮಾತೆಂದು ತಿಳಿಯಬಾರದು.

ಕೇಳುವುದಾದರೂ ಯಾವ ಪದದಲ್ಲಿ? ಇದು ನಮ್ಮ ಭಾಷೆಯ ಪ್ರಶ್ನೆ. ಇಂಗ್ಲಿಷಿನಲ್ಲಿ ರೋಗಿಗಳು 'ಬ್ರೈನ್ ಫಾಗ್' ಎನ್ನುತ್ತಾರೆ. ಮಂಜು ಹೊರಗಿನಿಂದ ಬಂದು ಕವಿಯುವಂಥದು, ಅದರಲ್ಲಿ ಯಾರ ತಪ್ಪೂ ಇಲ್ಲ. ಕನ್ನಡದಲ್ಲಿ ಬಾಯಿಗೆ ಬರುವುದು ಮಂಕು. ದೀಪ ಮಂಕಾಗುತ್ತದೆ, ಮುಖ ಮಂಕಾಗುತ್ತದೆ. ಅದೇ ಪದದಿಂದ ಮಂಕುದಿಣ್ಣೆ ಎಂದು ಬೈಯುತ್ತೇವೆ. ಬಸವನಗುಡಿಯಲ್ಲಿ ಬಾಳಿದ ಡಿ.ವಿ.ಜಿ. ಅಂಥ ಪದವನ್ನೇ ತಮ್ಮ ತಿಮ್ಮನಿಗೆ ಹೆಸರಾಗಿ ಇಟ್ಟು 1943ರಲ್ಲಿ ಕಗ್ಗ ಪ್ರಕಟಿಸಿದರು, ಅದು ವಿನಯದಿಂದ ತಾವೇ ತೊಟ್ಟ ಹೆಸರು. ಗಾಂಧಿನಗರದ ಅಂಗಡಿಯಲ್ಲಿ ಕೆಲಸ ಉಳಿಸಿಕೊಳ್ಳಬೇಕಾದ ಹೆಣ್ಣುಮಗಳಿಗೆ ಆ ಸ್ವಾತಂತ್ರ್ಯವಿಲ್ಲ. ಹಾಗಾಗಿ 'ಮರೆವು ಇದೆಯಾ' ಎಂದು ವೈದ್ಯರು ಕೇಳಿದರೆ ಅವಳು ಇಲ್ಲ ಎನ್ನುತ್ತಾಳೆ, ಮರೆವು ಅವಳಿಗೆ ಅಜ್ಜಿಯ ಕಾಯಿಲೆ. 'ಒಂದು ಕೆಲಸ ಮಾಡುವಾಗ ಯಾರಾದರೂ ಕರೆದರೆ ವಾಪಸ್ ಬಂದು ಎಲ್ಲಿ ಬಿಟ್ಟೆ ಎಂದು ತಡಕಾಡುತ್ತೀರಾ' ಎಂದು ಕೇಳಿದರೆ ತಲೆಯಾಡಿಸುತ್ತಾಳೆ. ಇಂಥ ಪ್ರಶ್ನೆಗಳನ್ನು ಇಂಗ್ಲಿಷಿನಿಂದ ಅನುವಾದಿಸಿದರೆ ಸಾಲದು, ನಮ್ಮ ಹೆಂಗಸರ ದಿನಚರಿಯಿಂದ ಹೆಕ್ಕಬೇಕು.

ಕಾನೂನಿನ ಆಸರೆಯೂ ತೆಳು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ಮಲ್ಟಿಪಲ್ ಸ್ಕ್ಲೀರೋಸಿಸ್ ಅದರಲ್ಲಿದೆ, ಲೂಪಸ್ ಇಲ್ಲ. ಹೀಗಿರುವಾಗ 'ನಾರ್ಮಲ್' ಎಂಬ ಒಂದು ಪದ ಮಾಲೀಕರ ಮುಂದೆ, ಕೆಲವೊಮ್ಮೆ ಗಂಡನ ಮುಂದೆ, ಅವಳ ವಿರುದ್ಧದ ಸಾಕ್ಷಿಯಾಗುತ್ತದೆ. ವರದಿ ಬರೆಯುವವರು ಇನ್ನೊಂದೇ ಸಾಲು ಸೇರಿಸಬಹುದು: ಅಂಕ ಸಮವಯಸ್ಕರ ಮಟ್ಟದಲ್ಲಿದೆ, ರೋಗಿ ಹೇಳುವ ಇಳಿಕೆಯನ್ನು ಈ ಒಂದು ಪರೀಕ್ಷೆ ಅಲ್ಲಗಳೆಯುವುದಿಲ್ಲ.

ನನ್ನ ತಂಗಿ ಈಗಲೂ ಅದೇ ಅಂಗಡಿಯಲ್ಲಿದ್ದಾಳೆ. ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಫೋನು ಬೇರೆಯವರು ಎತ್ತುತ್ತಾರೆ, ಬಿಲ್ಲಿನ ಕೆಲಸವನ್ನೆಲ್ಲ ಆಗಲೇ ಮುಗಿಸುತ್ತಾಳೆ. ಹೊಡೆದ ಬಿಲ್ಲಿಗೆ ಕೆಂಪು ಪೆನ್ನಿನ ಗುರುತು. ಹಳೆಯ ಆ ನಾರ್ಮಲ್ ವರದಿಯನ್ನು ನಾವು ಎಸೆದಿಲ್ಲ. ಮುಂದಿನ ಸಲ ಅದೇ ಪರೀಕ್ಷೆ ಮಾಡಿಸಿದಾಗ ನೂರು ಜನರ ಜೊತೆಗಲ್ಲ, ಅವಳನ್ನು ಅವಳ ಜೊತೆಗೇ ಹೋಲಿಸಲು ಅದು ಬೇಕು.

ನಿಮ್ಮ ಮನೆಯಲ್ಲೂ ಲೂಪಸ್ ಇರುವವರಿದ್ದು, ತಲೆ ಓಡುತ್ತಿಲ್ಲ ಎಂದರೆ, ದಯವಿಟ್ಟು ಸಮಾಧಾನ ಹೇಳಿ ಸುಮ್ಮನಾಗಬೇಡಿ. ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಯಾವಾಗ, ಏನು ಮಾಡುವಾಗ, ಹಿಂದಿನ ರಾತ್ರಿ ಎಷ್ಟು ನಿದ್ದೆ, ನೋವು ಎಷ್ಟಿತ್ತು, ಯಾವ ಮಾತ್ರೆ ಬದಲಾಗಿತ್ತು. ವೈದ್ಯರ ಹತ್ತಿರ ಹೋಗುವಾಗ ಆ ಪುಸ್ತಕವನ್ನು ತೆಗೆದುಕೊಂಡು ನೀವೂ ಜೊತೆಗೆ ಹೋಗಿ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿದ್ದಾರೆಯೇ ಎಂದು ಕೇಳಿ. ಪರೀಕ್ಷೆ ಮಾಡುವುದಾದರೆ ಕನ್ನಡದಲ್ಲೇ ಮಾಡಿ ಎಂದು ಕೇಳಿ, ಬೆಂಗಳೂರಿನಲ್ಲಿ ಅದು ಸಿಗುತ್ತದೆ.